ತುಪ್ಪ ಬಿಡಬೇಡಿ ಅಂದರು ಡಾಕ್ಟರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಪಾಯಿಖಾನೆಯ ಮಾತು ಜಾಸ್ತಿ ಬರುತ್ತದೆ. ಊಟಕ್ಕೆ ಕೂತವರು ಕೈ ತೊಳೆದ ಮೇಲೆ ಓದಿ. ಆ ಮಾತಿಗೆ ನಾಚಿಕೊಂಡೇ ನಮ್ಮ ಕಡೆ ಎಷ್ಟೋ ಜನ ವರ್ಷಗಟ್ಟಲೆ ‘ಗ್ಯಾಸ್ಟ್ರಿಕ್’ ಅಂತ ಗುಳಿಗೆ ನುಂಗುತ್ತಾ ಇರುತ್ತಾರೆ.

ನಮ್ಮ ಮನೆ ಶಿರಸಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಊರು. ನನ್ನ ಕೆಲಸ ಸೊಸೈಟಿಯಲ್ಲಿ, ಲೆಕ್ಕ ಬರೆಯುವುದು. ಹೊಟ್ಟೆಯ ಮೇಲ್ಭಾಗದ ನೋವು ನನಗೆ ಹಳೆಯದು. ಬೆನ್ನಿನವರೆಗೂ ಹಾಯುತ್ತಿತ್ತು. ಬಂದರೆ ಒಂದೆರಡು ದಿನ ಮಲಗಿಸಿಬಿಡುತ್ತಿತ್ತು, ಆಮೇಲೆ ಹೋಗುತ್ತಿತ್ತು. ಕೆಲವು ವರ್ಷ ಹೀಗೇ ಕಳೆದು, ನೋವು ತಾನಾಗಿಯೇ ಕಡಿಮೆಯಾಯಿತು. ಮನೆಯವರೆಲ್ಲ ಖುಷಿಪಟ್ಟರು. ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಹಾಳಾಗುತ್ತಾ ಬಂದ ಹಾಗೆ ಕೆಲವರಿಗೆ ನೋವೂ ಇಳಿಯುತ್ತದಂತೆ. ಇದು ಆಗ ಯಾರಿಗೂ ಗೊತ್ತಿರಲಿಲ್ಲ.

ನೋವಿನ ಜಾಗಕ್ಕೆ ಬಂದದ್ದು ಬೇರೆಯೇ. ಮಲ ಬಿಳಿಚಿದ ಹಳದಿ ಬಣ್ಣ, ಜಿಡ್ಡು ಜಿಡ್ಡು. ನೀರಲ್ಲಿ ತೇಲುತ್ತಿತ್ತು, ಬಕೆಟ್‌ಗಟ್ಟಲೆ ಸುರಿದರೂ ಹೋಗುತ್ತಿರಲಿಲ್ಲ. ನೀರಿನ ಮೇಲೆ ಎಣ್ಣೆಯ ಪದರ ಕಣ್ಣಿಗೇ ಕಾಣುತ್ತಿತ್ತು. ವಾಸನೆಯ ಮಾತು ಬಿಡಿ. ತೂಕ ಇಳಿಯಿತು, ರವಿಕೆಗಳೆಲ್ಲ ಜೋಲಾಡತೊಡಗಿದವು. ಊಟ ಮಾತ್ರ ಕಡಿಮೆಯಾಗಿರಲಿಲ್ಲ. ಹಸಿವು ಮೊದಲಿಗಿಂತ ಜಾಸ್ತಿಯೇ ಇತ್ತು. ಉಂಡದ್ದು ಎಲ್ಲಿಗೆ ಹೋಗುತ್ತಿದೆ ಅನ್ನುವುದಕ್ಕೆ ಉತ್ತರ ದಿನಾ ಬೆಳಿಗ್ಗೆ ಕಣ್ಣೆದುರೇ ತೇಲುತ್ತಿತ್ತು. ಅದನ್ನು ಬಾಯಿಬಿಟ್ಟು ಯಾರಿಗೆ ಹೇಳುವುದು?

ಥೈರಾಯ್ಡ್ ಇರಬೇಕು ಅಂದರು. ಜಂತುಹುಳ ಅಂದರು. ದೃಷ್ಟಿ ತೆಗೆದದ್ದೂ ಆಯಿತು. ಹತ್ತಿರದ ಒಬ್ಬ ಡಾಕ್ಟರು ಜೀರ್ಣದ ಸಿರಪ್ ಬರೆದು, ತುಪ್ಪ ಬಿಡಿ, ಎಣ್ಣೆ ಬಿಡಿ, ಕಾಯಿ ಬಿಡಿ ಅಂದರು. ನಮ್ಮ ಅಡುಗೆಯಲ್ಲಿ ತೆಂಗಿನಕಾಯಿ ಬಿಟ್ಟರೆ ಉಳಿಯುವುದು ಅನ್ನ ಮತ್ತು ಉಪ್ಪು. ಕಾಯಿರಸ ಹೋಯಿತು, ಹಶಿ ಹೋಯಿತು, ತಂಬುಳಿಯೂ ಹೋಯಿತು. ಅಪ್ಪೆಹುಳಿ ಒಂದು ಉಳಿಯಿತು, ಅದೂ ಒಗ್ಗರಣೆ ಇಲ್ಲದೆ. ಜಿಡ್ಡು ಸ್ವಲ್ಪ ಕಡಿಮೆಯಾದದ್ದು ನಿಜ. ತೂಕ ಇನ್ನಷ್ಟು ಇಳಿದದ್ದೂ ನಿಜ. ಹೊಟ್ಟೆಗೆ ಕೊಬ್ಬು ಹಾಕದಿದ್ದರೆ ಮಲದಲ್ಲಿ ಕೊಬ್ಬು ಬರುವುದಿಲ್ಲ, ಅದರಲ್ಲೇನು ದೊಡ್ಡ ಔಷಧ ಬಂತು?

ಕೊನೆಗೆ ಹುಬ್ಬಳ್ಳಿಯ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋದೆವು. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕೆಳಗಿನವರು ಮಣಿಪಾಲಕ್ಕೋ ಗೋವಾಕ್ಕೋ. ದೊಡ್ಡ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡದವರು ಕೇಳುತ್ತಲೇ ಇದ್ದಾರೆ, ಮುಂಡಗೋಡ, ತಡಸ ದಾಟಿ ಬಸ್ಸೂ ಓಡುತ್ತಲೇ ಇದೆ.

ಡಾಕ್ಟರು ಮೊದಲು ಕೇಳಿದ ಪ್ರಶ್ನೆ, “ಕುಡಿಯುವ ಅಭ್ಯಾಸ ಇದೆಯಾ?” ಪಕ್ಕದಲ್ಲಿ ಅತ್ತೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು, “ಯಮ್ಮನೆಲಿ ಕಷಾಯ ಬಿಟ್ರೆ ಬೇರೆ ಎಂತೂ ಇಲ್ಲೆ.” ಡಾಕ್ಟರು ನಕ್ಕರು. ಕೇಳಲೇಬೇಕಾದ ಪ್ರಶ್ನೆ ಅದು, ಈ ರೋಗಕ್ಕೆ, ಅಂದರೆ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಅನ್ನುವ ಪ್ಯಾಂಕ್ರಿಯಾಸಿನ ದೀರ್ಘಕಾಲದ ಉರಿಯೂತಕ್ಕೆ, ಮದ್ಯ ದೊಡ್ಡ ಕಾರಣ. ಆದರೆ ಒಂದು ತೊಟ್ಟೂ ಕುಡಿಯದವರಿಗೂ ದಕ್ಷಿಣ ಭಾರತದಲ್ಲಿ ಇದು ಬರುತ್ತದೆ. ಕೇರಳದಲ್ಲಿ ಇಂಥ ರೋಗಿಗಳು ತುಂಬಾ ಜನ ಕಂಡಿದ್ದಾರೆ. ಮರಗೆಣಸಿನ ಮೇಲೆ ಬಹಳ ಕಾಲ ಅನುಮಾನ ಇತ್ತು, ಅದು ಸಾಬೀತಾಗಲಿಲ್ಲ. ಈಗ ಕೆಲವರಲ್ಲಿ ಸ್ಪಿಂಕ್1 ಅನ್ನುವ ಜೀನಿನ ದೋಷ ಸಿಗುತ್ತದೆ. ನನ್ನ ವಿಷಯದಲ್ಲಿ ಕಾರಣ ಇಂಥದ್ದೇ ಅಂತ ಯಾರೂ ಹೇಳಿಲ್ಲ.

ಎರಡನೇ ಪ್ರಶ್ನೆ, “ಮಲ ತೇಲುತ್ತಾ?” ಎಷ್ಟು ಸಲೀಸಾಗಿ ಕೇಳಿದರೆಂದರೆ, ನಾನೂ ಅಷ್ಟೇ ಸಲೀಸಾಗಿ ಎಲ್ಲ ಹೇಳಿಬಿಟ್ಟೆ.

ಸಿಟಿ ಸ್ಕ್ಯಾನಿನಲ್ಲಿ ಗ್ರಂಥಿಯ ನಾಳದಲ್ಲಿ ಸುಣ್ಣದ ಕಲ್ಲುಗಳು ಕಂಡವು. ಗ್ರಂಥಿ ಬಡವಾಗಿತ್ತು. ಮಲದಲ್ಲಿ ಎಲಾಸ್ಟೇಸ್ ಎಷ್ಟಿದೆ ಅಂತ ನೋಡುವ ಪರೀಕ್ಷೆಯನ್ನೂ ಬರೆದರು. ಎಲಾಸ್ಟೇಸ್ ಅಂದರೆ ಈ ಗ್ರಂಥಿಯೇ ಮಾಡುವ ಒಂದು ಎಂಜೈಮ್, ಉಂಡದ್ದನ್ನು ಒಡೆದು ಜೀರ್ಣ ಮಾಡುವ ವಸ್ತು. ಕರುಳಿನುದ್ದಕ್ಕೂ ಹೆಚ್ಚು ಹಾಳಾಗದೆ ಹೊರಗೆ ಬರುತ್ತದೆ. ಹಾಗಾಗಿ ಗ್ರಂಥಿ ಎಷ್ಟು ದುಡಿಯುತ್ತಿದೆ ಅಂತ ಅದರಿಂದ ತಿಳಿಯಬಹುದು. ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಜಾಸ್ತಿ ಇರಬೇಕು. 100ಕ್ಕಿಂತ ಕೆಳಗೆ ಹೋದರೆ ಕೊರತೆ ಜೋರಾಗಿದೆ ಅಂತ ಅರ್ಥ. ನನ್ನದು ಅದಕ್ಕೂ ಕೆಳಗಿತ್ತು. ಮೊದಲೆಲ್ಲ ದಿನಕ್ಕೆ 100 ಗ್ರಾಂ ಕೊಬ್ಬು ತಿನ್ನಿಸಿ, ಮೂರು ದಿನದ ಮಲವನ್ನೆಲ್ಲ ಡಬ್ಬಿಯಲ್ಲಿ ಕೂಡಿಸಿ ಅಳೆಯುತ್ತಿದ್ದರಂತೆ. ದಿನಕ್ಕೆ 7 ಗ್ರಾಂಗಿಂತ ಜಾಸ್ತಿ ಕೊಬ್ಬು ಹೊರಗೆ ಬಂದರೆ ಲೆಕ್ಕ ತಪ್ಪಿದೆ ಅಂತ. ಈಗ ಚಿಕ್ಕ ಡಬ್ಬಿಯಲ್ಲಿ ಚೂರು ಕೊಟ್ಟರೆ ಸಾಕು. ಮೂರು ದಿನದ್ದನ್ನು ಬಸ್ಸಿನಲ್ಲಿ ಹೇಗೆ ಒಯ್ಯುತ್ತಿದ್ದೆನೋ, ದೇವರಿಗೇ ಗೊತ್ತು.

“ಗ್ರಂಥಿಯ ಶಕ್ತಿ ನೂರಕ್ಕೆ ತೊಂಬತ್ತರಷ್ಟು ಹೋಗುವವರೆಗೂ ಜಿಡ್ಡು ಕಾಣುವುದಿಲ್ಲ,” ಅಂದರು ಡಾಕ್ಟರು. ಅಂದರೆ ನನ್ನ ಕಣ್ಣಿಗೆ ಎಣ್ಣೆ ಕಾಣುವ ಹೊತ್ತಿಗೆ ಬಹುಪಾಲು ಮುಗಿದೇ ಹೋಗಿತ್ತು.

ಹೋಗುವುದಿದ್ದರೆ ಕೊಬ್ಬಿನ ಜೀರ್ಣವೇ ಯಾಕೆ ಮೊದಲು ಹೋಗಬೇಕು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಕ್ಕನ ಮಗಳು ಕಾರವಾರದಲ್ಲಿ ಮೆಡಿಕಲ್ ಓದುತ್ತಾಳೆ. ರಜೆಗೆ ಬಂದಾಗ ಅವಳನ್ನು ಜಗುಲಿಯಲ್ಲಿ ಕೂರಿಸಿಕೊಂಡು ಕೇಳಿದೆ. “ಚಿಕ್ಕಿ, ನಂಗೆ ವೈವಾ ತಗೋತಿದ್ದೀಯಾ?” ಅಂದಳು. ಹೇಳಿದ್ದು ಮಾತ್ರ ಚೆನ್ನಾಗಿ ಹೇಳಿದಳು.

ಅನ್ನದ ಪಿಷ್ಟಕ್ಕೆ ಬಾಯಿಯ ಜೊಲ್ಲಿನಲ್ಲೇ ಅಮೈಲೇಸ್ ಇದೆ. ಬೇಳೆಯ ಪ್ರೋಟೀನಿಗೆ ಹೊಟ್ಟೆಯಲ್ಲಿ ಪೆಪ್ಸಿನ್ ಇದೆ, ಕರುಳಿನ ಗೋಡೆಯಲ್ಲೂ ಎಂಜೈಮ್‌ಗಳಿವೆ. ಕೊಬ್ಬಿಗೆ ಜಠರದಲ್ಲಿ ಒಂದಿಷ್ಟು ಲೈಪೇಸ್ ಸಿಗುತ್ತದೆ ನಿಜ, ಆದರೆ ದೊಡ್ಡ ಕೆಲಸವೆಲ್ಲ ಪ್ಯಾಂಕ್ರಿಯಾಸಿನ ಲೈಪೇಸಿನದೇ. ಅದಕ್ಕೆ ಬದಲಿ ಆಳು ಇಲ್ಲ. ಮೇಲಾಗಿ ಅದು ಬಹಳ ನಾಜೂಕು. ಹೊಟ್ಟೆಯ ಹುಳಿ ತಾಗಿದರೆ ಸಾಯುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ; ಅದು 4ಕ್ಕಿಂತ ಕೆಳಗೆ ಇಳಿದರೆ ಲೈಪೇಸ್ ಮತ್ತೆ ಏಳುವುದೇ ಇಲ್ಲ.

ಆಗ ಆ ಸಿರಪ್ ಬಾಟಲಿ ತಂದು ಅವಳಿಗೆ ತೋರಿಸಿದೆ. ಫಂಗಲ್ ಡಯಾಸ್ಟೇಸ್, ಪೆಪ್ಸಿನ್ ಅಂತ ಬರೆದಿತ್ತು. ಡಯಾಸ್ಟೇಸ್ ಪಿಷ್ಟಕ್ಕೆ, ಪೆಪ್ಸಿನ್ ಪ್ರೋಟೀನಿಗೆ. ಕೊಬ್ಬಿಗೆ? ಏನೂ ಇಲ್ಲ. ಅಷ್ಟು ಕಾಲ ಅನಾನಸ್ ರುಚಿಯ ನೀರು ಕುಡಿದದ್ದಾಯಿತು.

ಮುಂದಿನದನ್ನು ಅವಳು ಒಂದು ಹಾಳೆಯಲ್ಲಿ ಬರೆದು ತೋರಿಸಿದಳು. ತುಪ್ಪವಾಗಲಿ ಕೊಬ್ಬರಿ ಎಣ್ಣೆಯಾಗಲಿ, ಕೊಬ್ಬಿನ ಒಂದು ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದೇ ಬೆನ್ನಿಗೆ ಅಂಟಿಕೊಂಡಿರುತ್ತವೆ. ಹಾಗೇ ಇದ್ದರೆ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಲೈಪೇಸ್ ಎರಡು ತುದಿಯನ್ನು ಕತ್ತರಿಸುತ್ತದೆ, ನಡುವಿನದನ್ನು ಬಿಡುತ್ತದೆ. ಆದರೆ ಲೈಪೇಸ್ ಇರುವುದು ನೀರಿನಲ್ಲಿ, ಕೊಬ್ಬು ನೀರಿಗೆ ಸೇರದ ವಸ್ತು. ಅದಕ್ಕೇ ಪಿತ್ತ ಬೇಕು. ಪಿತ್ತದ ಲವಣಗಳು ಕೊಬ್ಬಿನ ದೊಡ್ಡ ಹನಿಗಳನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು, ಮತ್ತೆ ಕೂಡದಂತೆ ಅವುಗಳ ಮೈಗೆ ಅಂಟಿಕೊಳ್ಳುತ್ತವೆ.

ತಮಾಷೆ ಇರುವುದು ಇಲ್ಲೇ. ಹನಿಯ ಮೈಮೇಲೆಲ್ಲ ಪಿತ್ತದ ಲವಣ ಕೂತರೆ ಲೈಪೇಸಿಗೆ ಕಾಲೂರಲು ಜಾಗ ಇಲ್ಲ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು ಮರ ಹತ್ತುವವರನ್ನು ನೋಡಿದ್ದೀರಲ್ಲ, ಪಾಚಿ ಹಿಡಿದ ಅಡಿಕೆ ಮರದಲ್ಲಿ ಬರಿಗಾಲು ಜಾರುತ್ತದೆ, ಕಾಲಿಗೆ ಬಳ್ಳಿಯ ತಳೆ ಹಾಕಿದರೇ ಹಿಡಿತ. ಲೈಪೇಸಿಗೆ ಅಂಥ ತಳೆ ಕೋಲೈಪೇಸ್ ಅನ್ನುವ ಒಂದು ಚಿಕ್ಕ ಪ್ರೋಟೀನು. ಅದೂ ಪ್ಯಾಂಕ್ರಿಯಾಸಿನಿಂದಲೇ ಬರುತ್ತದೆ. ಅದು ಒಂದು ಕಡೆ ಲೈಪೇಸನ್ನೂ ಇನ್ನೊಂದು ಕಡೆ ಹನಿಯನ್ನೂ ಹಿಡಿದುಕೊಳ್ಳುತ್ತದೆ. ಒಂದು ಲೈಪೇಸಿಗೆ ಒಂದು ಕೋಲೈಪೇಸ್. ಅದು ಕೂಡ ಗ್ರಂಥಿಯಿಂದ ತಯಾರಾಗಿ ಬರುವುದಿಲ್ಲ. ಕರುಳಿಗೆ ಬಂದ ಮೇಲೆ ಟ್ರಿಪ್ಸಿನ್ ಅದರ ಒಂದು ತುಂಡನ್ನು ಕತ್ತರಿಸಿ ಕೆಲಸಕ್ಕೆ ಹಚ್ಚುತ್ತದೆ. ಟ್ರಿಪ್ಸಿನ್ ಪ್ರೋಟೀನ್ ಜೀರ್ಣದ ಎಂಜೈಮ್. ಅಂದರೆ ಕೊಬ್ಬಿನ ಕೆಲಸ ನಡೆಯಬೇಕಾದರೆ ಪ್ರೋಟೀನಿನ ಆಳೂ ಬರಬೇಕು. ಕತ್ತರಿಸಿದ ಕೊಬ್ಬಿನಾಮ್ಲಗಳು ಹನಿಯ ಮೇಲೇ ರಾಶಿ ಬಿದ್ದರೂ ಕೆಲಸ ನಿಲ್ಲುತ್ತದೆ. ಅವನ್ನು ತೆಗೆದು ಕರುಳಿನ ಗೋಡೆಯವರೆಗೆ ಹೊತ್ತೊಯ್ಯುವುದೂ ಪಿತ್ತದ ಲವಣಗಳೇ.

ಪಿತ್ತ ಒಂದೇ ಸಾಲದು ಅನ್ನುವುದನ್ನು ಕಂಡವರು ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್, 1840ರ ದಶಕದಲ್ಲಿ. ಮೊಲದಲ್ಲಿ ಪಿತ್ತನಾಳ ಮೇಲೆ ತೆರೆಯುತ್ತದೆ, ಪ್ಯಾಂಕ್ರಿಯಾಸಿನ ನಾಳ ಕರುಳಿನಲ್ಲಿ ಬಹಳ ಕೆಳಗೆ. ಕೊಬ್ಬು ತಿಂದ ಮೊಲದ ಕರುಳಿನಿಂದ ಹೊರಡುವ ಸಣ್ಣ ನಾಳಗಳು ಹೀರಿದ ಕೊಬ್ಬಿನಿಂದ ಹಾಲಿನಂತೆ ಬೆಳ್ಳಗಾಗಿದ್ದು ಎರಡನೇ ನಾಳ ಸೇರಿದ ಮೇಲೆಯೇ. ಇದನ್ನು ಕೇಳಿ ನನಗೆ ಬಹಳ ಖುಷಿಯಾಯಿತು. ಮೊಲಕ್ಕೆ ಆಗಿರಲಿಕ್ಕಿಲ್ಲ.

ಡಾಕ್ಟರು ಬರೆದದ್ದು ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್. ಡಬ್ಬಿಯ ಮೇಲಿನ 25,000 ಅಂದರೆ ಲೈಪೇಸಿನ ಯೂನಿಟ್. ದೊಡ್ಡ ಊಟಕ್ಕೆ ಎರಡು, ಆಸರಿಗೆ, ಅಂದರೆ ಚಾ-ತಿಂಡಿಗೆ, ಒಂದು. ಇದು ನನಗೆ ಬರೆದ ಲೆಕ್ಕ, ಬೇರೆಯವರದು ಬೇರೆ ಇರಬಹುದು. ಔಷಧಿ ಅಂಗಡಿಯಲ್ಲಿ ಕವರಿನ ಮೇಲೆ ಪೆನ್ನಿನಲ್ಲಿ 1-0-1, ಊಟದ ನಂತರ ಅಂತ ಬರೆದುಕೊಟ್ಟರು. ಎಲ್ಲ ಗುಳಿಗೆಗೂ ಅದನ್ನೇ ಬರೆಯುತ್ತಾರೆ. ಹಾಗೇ ತೆಗೆದುಕೊಂಡೆ. ಹೇಳಿಕೊಳ್ಳುವ ಗುಣ ಕಾಣಲಿಲ್ಲ. ಮುಂದಿನ ಸಲ ಡಾಕ್ಟರು ಆ ಕವರು ನೋಡಿ ತಲೆ ಚಚ್ಚಿಕೊಂಡರು. ಇದು ರೋಗಕ್ಕೆ ಕೊಡುವ ಮಾತ್ರೆಯಲ್ಲ, ಊಟದ್ದೇ ಒಂದು ಭಾಗ. ಮೊದಲ ತುತ್ತಿನ ಜೊತೆ ಒಂದು, ಊಟದ ನಡುವೆ ಇನ್ನೊಂದು. ಕ್ಯಾಪ್ಸೂಲಿನ ಒಳಗೆ ಸಣ್ಣ ಸಣ್ಣ ಕಾಳುಗಳಿರುತ್ತವೆ. ಪ್ರತಿ ಕಾಳಿಗೂ ಹುಳಿ ತಾಗದ ಕವಚ. ಕಾಳುಗಳು ಅನ್ನದ ಜೊತೆ ಕಲೆತು, ಅನ್ನದ ಜೊತೆಗೇ ಹೊಟ್ಟೆಯಿಂದ ಕರುಳಿಗೆ ಇಳಿಯಬೇಕು. ಊಟ ಮುಂದೆ ಹೋದ ಮೇಲೆ ಎಂಜೈಮ್ ಹಿಂದಿನಿಂದ ಬಂದರೆ ಯಾರಿಗೆ ಉಪಯೋಗ? ಅಗಿಯಬಾರದು, ಬಾಯಿ ಹುಣ್ಣಾಗುತ್ತದೆ. ಬಿಸಿ ಚಾದ ಜೊತೆಗೂ ಬೇಡ, ನೀರಲ್ಲೇ ನುಂಗಬೇಕು.

“ಮತ್ತೆ ತುಪ್ಪ ಬಿಡಬೇಡಿ,” ಅಂದರು. ಅತ್ತೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಇನ್ನು ಹಂದಿಯ ವಿಷಯ. ಪ್ಯಾಂಕ್ರಿಯಾಟಿನ್ ತೆಗೆಯುವುದು ಹಂದಿಯ ಗ್ರಂಥಿಯಿಂದ. ಡಾಕ್ಟರು ಮುಚ್ಚಿಡಲಿಲ್ಲ. ಔಷಧ ಬರೆಯುವ ಮೊದಲೇ, “ನೀವು ಸಸ್ಯಾಹಾರಿಗಳು, ತಿಳಿದಿರಲಿ,” ಅಂತ ಹೇಳಿದರು. ಹೇಳದೆ ಕೊಡುವವರೂ ಇರಬಹುದು. ನನಗೆ ಹೇಳಿದ್ದೇ ಸರಿ ಅನಿಸುತ್ತದೆ. ಶಿಲೀಂಧ್ರದಿಂದ ತೆಗೆದದ್ದು ಆಗುವುದಿಲ್ಲವಾ ಅಂತ ಕೇಳಿದೆ. ಈ ರೋಗಕ್ಕೆ ನೆಚ್ಚಿಕೊಳ್ಳುವಂಥದ್ದು ಪ್ಯಾಂಕ್ರಿಯಾಟಿನ್ನೇ ಅಂದರು. ಯಾಕೆ ಅಂತ ಆಮೇಲೆ ಅಕ್ಕನ ಮಗಳಿಂದ ಇನ್ನಷ್ಟು ತಿಳಿಯಿತು. ಇಡೀ ಗ್ರಂಥಿಯ ಸತ್ವವಾದ್ದರಿಂದ ಅದರಲ್ಲಿ ಲೈಪೇಸ್ ಒಂದೇ ಅಲ್ಲ, ಕೋಲೈಪೇಸ್, ಪ್ರೋಟೀನಿನ ಎಂಜೈಮ್, ಅಮೈಲೇಸ್ ಎಲ್ಲ ಜೊತೆಗೇ ಬರುತ್ತವೆ.

ಹುಬ್ಬಳ್ಳಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ನಾನೂ ಅತ್ತೆಯೂ ಮಾತಾಡಲಿಲ್ಲ. ಅತ್ತೆ ದೇವರ ಪಾತ್ರೆಗೆ ಬೇರೆ ಸ್ನಾನ ಮಾಡಿಯೇ ಕೈ ಹಾಕುವವರು. ಮನೆಗೆ ಬಂದು ಕಾಲು ತೊಳೆದು ಕೂತ ಮೇಲೆ ಅವರೇ ಮಾತು ತೆಗೆದರು. “ನಿನ್ನ ಮಾವಂಗೆ ಚುಚ್ಚುತ್ತಿದ್ದ ಇನ್ಸುಲಿನ್ನೂ ಹಂದಿದೇ ಆಗಿತ್ತಡ. ಯಂಗೆ ಆಗ್ಲೇ ಗೊತ್ತಿತ್ತು.” ಮಾವನಿಗೆ ಗೊತ್ತಿತ್ತಾ ಅಂತ ಕೇಳಿದೆ. “ಅವ್ಕೆ ಎಂತಕ್ಕೆ ಹೇಳವು?” ಅಂದು ಒಳಗೆ ಹೋದರು. ಆ ಕಾಲದ ಇನ್ಸುಲಿನ್ ದನದ್ದು, ಇಲ್ಲವೇ ಹಂದಿಯದು. ಈಗಿನಂತೆ ಲ್ಯಾಬಿನಲ್ಲಿ ಮಾಡಿದ ಮನುಷ್ಯರ ಇನ್ಸುಲಿನ್ ನಮ್ಮ ಊರಿನ ಕಡೆ ಬಂದದ್ದು ಆಮೇಲೆ. ಅಷ್ಟು ವರ್ಷ ಆ ಗುಟ್ಟನ್ನು ಒಬ್ಬರೇ ಇಟ್ಟುಕೊಂಡು, ದಿನಾ ಸಿರಿಂಜು ಕುದಿಸಿ ಕೊಟ್ಟವರು ಅವರು. ನನ್ನ ಕ್ಯಾಪ್ಸೂಲಿಗೆ ದೇವರ ಮನೆಯ ಗೋಡೆಯಿಂದ ದೂರ, ಅಡುಗೆ ಮನೆಯ ಮಾಡಿನಲ್ಲಿ ಒಂದು ಡಬ್ಬಿ ಸಿಕ್ಕಿತು. ಅಷ್ಟಕ್ಕೇ ಮಡಿಯ ಮಾತು ಮುಗಿಯಿತು.

ಸರಿಯಾಗಿ ಊಟದ ಜೊತೆ ತೆಗೆದುಕೊಂಡ ಮೇಲೆ ಜಿಡ್ಡು ಇಳಿಯಿತು. ಪೂರ್ತಿ ಹೋಗಲಿಲ್ಲ. ಡಾಕ್ಟರು ಬೆಳಿಗ್ಗೆ ತಿಂಡಿಗೆ ಮೊದಲು ಪ್ಯಾಂಟೊಪ್ರಜೋಲ್ ಸೇರಿಸಿದರು. ಹುಳಿ ಕಡಿಮೆ ಮಾಡುವ ಗುಳಿಗೆ ಇದಕ್ಕೆ ಯಾಕೆ? ಪ್ಯಾಂಕ್ರಿಯಾಸ್ ಎಂಜೈಮ್ ಒಂದನ್ನೇ ಕೊಡುವುದಲ್ಲ, ಬೈಕಾರ್ಬನೇಟನ್ನೂ ಸುರಿಸುತ್ತದೆ. ಹೊಟ್ಟೆಯಿಂದ ಇಳಿದ ಹುಳಿಯನ್ನು ಅದು ತಗ್ಗಿಸುತ್ತದೆ. ನನ್ನ ಗ್ರಂಥಿಗೆ ಆ ಶಕ್ತಿಯೂ ಇಲ್ಲ. ಕಾಳುಗಳ ಕವಚ ಬಿಚ್ಚಿಕೊಳ್ಳುವುದು ಪಿಎಚ್ 5.5ರ ಮೇಲೆ. ಕರುಳಿನ ಮೊದಲ ಭಾಗ ಹುಳಿಯಾಗಿಯೇ ಇದ್ದರೆ ಕವಚ ಬಿಚ್ಚದೆ ಮುಂದೆ ಹೋಗುತ್ತದೆ. ಪಿತ್ತದ ಲವಣಗಳೂ ಹುಳಿಯಲ್ಲಿ ಸರಿಯಾಗಿ ಕರಗುವುದಿಲ್ಲ. ಅದನ್ನು ಸೇರಿಸಿದ ಮೇಲೆ ಬಕೆಟ್ ನೀರಿನ ಗೋಳು ನಿಂತಿತು. ತೂಕ ನಿಧಾನಕ್ಕೆ ಏರಿತು.

ಲೆಕ್ಕ ಬರೆಯುವವಳಲ್ಲವಾ, ಕೊಬ್ಬಿಗೂ ಒಂದು ಖಾತೆ ತೆರೆದೆ. ತುಪ್ಪ ಬಹುತೇಕ ಪೂರ್ತಿ ಕೊಬ್ಬೇ. ಹಸಿ ಕಾಯಿತುರಿಯಲ್ಲಿ ಮೂರನೇ ಒಂದು ಪಾಲು ಕೊಬ್ಬು. ಹಾಲು ಹಾಕಿದ ಕಷಾಯಕ್ಕೆ ಕ್ಯಾಪ್ಸೂಲ್ ಬೇಕು, ಬಾಳೆಹಣ್ಣಿಗೆ ಬೇಡ. ದೋಸೆಗಿಂತ ಅದರ ಜೊತೆಗಿನ ಚಟ್ನಿಯೇ ದೊಡ್ಡ ಲೆಕ್ಕ. ಕೊಬ್ಬರಿ ಎಣ್ಣೆ ಎಂಜೈಮ್ ಇಲ್ಲದೆಯೇ ಜೀರ್ಣವಾಗುತ್ತದೆ ಅಂತ ಮೊಬೈಲಿನಲ್ಲಿ ಬಂದದ್ದನ್ನು ನೆಂಟರೊಬ್ಬರು ಕಳಿಸಿದ್ದರು. ಅರ್ಧ ಸತ್ಯ. ಚಿಕ್ಕ ಸರಪಳಿಯ ಕೆಲವು ಕೊಬ್ಬಿನಾಮ್ಲಗಳು ಸುಲಭವಾಗಿ ಒಳಗೆ ಹೋಗಿ ನೇರ ಯಕೃತ್ತಿಗೆ ಸೇರುತ್ತವೆ ನಿಜ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಅಂಥವು ಸ್ವಲ್ಪವೇ. ಅರ್ಧದಷ್ಟು ಲಾರಿಕ್ ಆಮ್ಲ, ಅದನ್ನು ಆ ಲೆಕ್ಕಕ್ಕೆ ಪೂರ್ತಿ ಹಿಡಿಯಲು ಬರುವುದಿಲ್ಲ. ನಾನು ಕ್ಯಾಪ್ಸೂಲ್ ಬಿಡಲಿಲ್ಲ.

ಕೊಬ್ಬಿನ ಜೊತೆ ಕಳೆದುಹೋಗುವ ಬೇರೆ ಸಾಮಾನೂ ಇದೆ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುವವು. ಮುಸ್ಸಂಜೆ ಅಂಗಳದಲ್ಲಿ ಹರಡಿದ ಅಡಿಕೆ ಬಾಚುವಾಗ ನನಗೆ ಕಣ್ಣು ಮಬ್ಬು ಮಬ್ಬು ಅನಿಸುತ್ತಿತ್ತು, ಸೊಂಟ ನೋಯುತ್ತಿತ್ತು. ವಯಸ್ಸು ಅಂದುಕೊಂಡಿದ್ದೆವು. ರಕ್ತ ಪರೀಕ್ಷೆಯಲ್ಲಿ ಎ ಕಡಿಮೆ, ಡಿ ಅಂತೂ ತಳ ಕಂಡಿತ್ತು. ವಾರಕ್ಕೊಮ್ಮೆ 60,000 ಯೂನಿಟಿನ ಡಿ ಪುಡಿ ಕೊಟ್ಟರು. ಅದನ್ನೂ ಊಟ ಮತ್ತು ಕ್ಯಾಪ್ಸೂಲ್ ಜೊತೆಗೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಅದೂ ತೇಲಿ ಹೋಗುತ್ತದೆ.

ಪತ್ರೊಡೆಯ ಬಗ್ಗೆ ಎಚ್ಚರ ಕೊಟ್ಟದ್ದು ಮಾತ್ರ ನಾನು ಎಣಿಸದ ವಿಷಯ. ಕೆಸುವಿನ ಎಲೆಯಲ್ಲಿ ಆಕ್ಸಲೇಟ್ ಇದೆ, ಗಂಟಲು ತುರಿಸುವುದು ಅದರಿಂದಲೇ. ಸಾಧಾರಣವಾಗಿ ಊಟದ ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ. ಜೀರ್ಣವಾಗದ ಕೊಬ್ಬು ತುಂಬಿದ್ದರೆ ಕ್ಯಾಲ್ಸಿಯಂ ಅದರ ಹಿಂದೆ ಹೋಗುತ್ತದೆ. ಆಕ್ಸಲೇಟ್ ಸಲೀಸಾಗಿ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗಬಹುದು. ಪ್ಯಾಂಕ್ರಿಯಾಸಿನ ಕಲ್ಲು ಸಾಕು ಅಂತ ಮಳೆಗಾಲದ ಪತ್ರೊಡೆಯನ್ನು ಎರಡು ತುಂಡಿಗೆ ಇಳಿಸಿದ್ದೇನೆ. ಬಿಟ್ಟಿಲ್ಲ.

ದೊಡ್ಡ ಪರೀಕ್ಷೆ ಮದುವೆ, ಉಪನಯನದ ಪಂಕ್ತಿಗಳಲ್ಲಿ. ಎಲೆಗೆ ಅನ್ನ, ತೊವ್ವೆ, ಮೇಲೆ ತುಪ್ಪ, ಆಗ ಒಂದು ಕ್ಯಾಪ್ಸೂಲ್. ಪಂಕ್ತಿ ಒಂದು ತಾಸು ಎಳೆಯುತ್ತದೆ. ಹೋಳಿಗೆ ಬರುವ ಹೊತ್ತಿಗೆ ಮೊದಲಿನದರ ಬಹುಪಾಲು ಮುಂದೆ ಹೋಗಿರುತ್ತದೆ. ಹಾಗಾಗಿ ಹೋಳಿಗೆಗೆ ಇನ್ನೊಂದು. ಇಂಥ ದಿನಕ್ಕೆ ಒಂದು ಜಾಸ್ತಿ ತೆಗೆದುಕೊಳ್ಳಲು ಡಾಕ್ಟರು ಒಪ್ಪಿದ್ದಾರೆ, ಮೇಲಿನ ಮಿತಿಯನ್ನೂ ಹೇಳಿದ್ದಾರೆ. ಎಡಗೈಯಲ್ಲಿ ಪರ್ಸು ಬಿಚ್ಚಿ ಗುಳಿಗೆ ನುಂಗುವುದನ್ನು ಪಕ್ಕದವರು ನೋಡುತ್ತಾರೆ. ಶುಗರಾ ಅಂತ ಕೇಳುತ್ತಾರೆ. ಹೌದು ಅಂದುಬಿಡುತ್ತೇನೆ, ಪಂಕ್ತಿಯಲ್ಲಿ ಕೂತು ಮಲ ತೇಲಿದ ಕಥೆ ಹೇಳಲು ಆಗುವುದಿಲ್ಲ.

ಶುಗರೂ ಸುಳ್ಳಲ್ಲ. ಇನ್ಸುಲಿನ್ ಮಾಡುವುದೂ ಅದೇ ಗ್ರಂಥಿ. ಈಚೆಗೆ ನನ್ನ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಪರೀಕ್ಷೆ, ಗೆರೆ ದಾಟಿದೆ. ಈಗ ಗುಳಿಗೆ, ಮುಂದೆ ಚುಚ್ಚುಮದ್ದು ಬೇಕಾಗಬಹುದು ಅಂದಿದ್ದಾರೆ. ಎಂಜೈಮ್ ಸರಿಯಾಗಿ ಸೇರತೊಡಗಿದ ಮೇಲೆ ಉಂಡದ್ದು ಮೈಗೆ ಹತ್ತುತ್ತದಲ್ಲ, ಶುಗರ್ ಮೇಲೆ ಕಣ್ಣಿಡಬೇಕು. ಕ್ಯಾಪ್ಸೂಲಿಗೇ ತಿಂಗಳಿಗೆ ಕೆಲವು ಸಾವಿರ ರೂಪಾಯಿ ಹೋಗುತ್ತದೆ. ಶಿರಸಿಯ ಅಂಗಡಿಯಲ್ಲಿ ಮೊದಲೇ ಹೇಳಿ ತರಿಸಿಕೊಳ್ಳುತ್ತೇನೆ. ಕವರಿನ ಮೇಲೆ ಈಗ ಅವರು ಏನೂ ಬರೆಯುವುದಿಲ್ಲ, ಪೆನ್ನು ನನ್ನ ಕೈಗೇ ಕೊಡುತ್ತಾರೆ.